ತಂಗಿಗೆ ಮಾಡಿಸಿದ ಎತ್ತು

ತಂಗಿಗಾಗಿ ಮಾಡಿಸಿದ ಎತ್ತನ್ನು ದೇವರ ಜಗಲಿಗೆ ಏರಿಸಿದ್ದು ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮೂವತ್ತರ ದಶಕದ ಕೊನೆಯಿರಬೇಕು, ಹಾನಗಲ್ಲಿನ ನಮ್ಮ ಮನೆ. ಜ್ವರ ಬಂದು ಹೋದ ಮೇಲೆ ತಂಗಿಯ ಒಂದು ಕಾಲು ಸೋತಿತ್ತು. ನೆಲಕ್ಕೆ ಕೂತರೆ ಯಾರಾದರೂ ಎತ್ತಿ ನಿಲ್ಲಿಸಬೇಕು. ಊಟದ ಹೊತ್ತೆಂದರೆ ಅವಳಿಗೆ ಅವಮಾನದ ಹೊತ್ತು. ಅದಕ್ಕೇ ಅಪ್ಪ ಸವಣೂರಿನ ಬಡಗಿ ಸಾಹೇಬರಿಗೆ ಹೇಳಿ ಎತ್ತಿನ ಆಕಾರದ ಗಿಡ್ಡ ಪೀಠ ಮಾಡಿಸಿದರು. ಬೆನ್ನು ಚಪ್ಪಟೆ, ಕೋಡು ಹಿಡಿದರೆ ತಾನೇ ಏಳಬಹುದು. ಬಿಳಿ ಬಣ್ಣ ಹಚ್ಚಿತ್ತೆಂದು ನನ್ನ ನೆನಪು. ಬರೀ ಕಟ್ಟಿಗೆ ಎನ್ನುತ್ತಾಳೆ ತಂಗಿ. ಕೂತವಳು ಅವಳು, ಅವಳ ಮಾತೇ ಇರಲಿ.

ಕೂತದ್ದು ಒಂದೇ ಊಟಕ್ಕೆ. ಅಜ್ಜಿ ನೋಡಿಬಿಟ್ಟಳು.

"ಏಳ ಮ್ಯಾಲ! ಬಸವಣ್ಣನ ಮ್ಯಾಲ ಕುಂಡಿ ಊರತಾರೇನ?"

"ಅವ್ವಾ, ಅದು ಕುಂದ್ರೂ ಮಣಿ," ಎಂದರು ಅಪ್ಪ.

"ಮಣಿಗೆ ಕೋಡು ಇರತಾವೇನೋ?"

"ಹಗೂರಕ ಕುಂತೇನಿ ಆಯಿ, ಬಸವಣ್ಣಗ ಭಾರ ಆಗೂದಿಲ್ಲ," ಎಂದಳು ತಂಗಿ.

ಅಜ್ಜಿ ಎತ್ತಿನ ಹಣೆಗೆ ವಿಭೂತಿ ಬಳಿದು, ಜಗಲಿಯ ಮೇಲಿಟ್ಟು ದೀಪ ಹಚ್ಚಿದಳು. ವಿಭೂತಿ ಬಿದ್ದ ಮೇಲೆ ಮುಗಿಯಿತು, ಅಪ್ಪನೂ ಕೈ ಮುಗಿದರು! ಹೊಲದಲ್ಲಿ ಜೀವಂತ ಎತ್ತಿನ ಬೆನ್ನಿಗೆ ಬಾರುಕೋಲು ಬೀಳುವಾಗ ಈ ಭಕ್ತಿ ಎಲ್ಲಿರುತ್ತಿತ್ತು? ಆಗಲೇ ಹೀಗೆ ಯೋಚಿಸಿದೆನೋ, ಕಾಲೇಜು ಓದಿದ ಮೇಲೆ ಸೇರಿಸಿಕೊಂಡೆನೋ, ಹೇಳಲಾರೆ. ಸಿಟ್ಟು ಮಾತ್ರ ಆಗಿನದೇ.

ಅಪ್ಪ ಮತ್ತೆ ಸವಣೂರಿಗೆ ಹೊರಟಾಗ ನಾನೂ ಹೋದೆ.

"ಆನಿ ಮಾಡ್ಲೇನ್ರಿ?" ಎಂದರು ಸಾಹೇಬರು.

"ಗಣಪ್ಪ ಆಗತಾನ್ರಿ."

"ಕುದುರಿ?"

"ಮೈಲಾರಲಿಂಗಂದು."

"ನವಿಲು? ಹೋಗ್ಲಿ, ಇಲಿ?"

ಅಪ್ಪ ಎರಡಕ್ಕೂ ಬೇಡವೆಂದು ತಲೆಯಾಡಿಸಿದರು. ಸಾಹೇಬರು ಉಳಿ ಕೆಳಗಿಟ್ಟು ನಕ್ಕರು. "ಎಲ್ಲಾದರ ಮ್ಯಾಲೂ ನಿಮ್ಮ ದೇವ್ರು ಹತ್ತಿ ಕುಂತಾರಲ್ರಿ! ಹುಡುಗಿಗೆ ಜಾಗಾನ ಇಲ್ಲ. ಕತ್ತಿ ಒಂದು ಖಾಲಿ ಐತಿ ನೋಡ್ರಿ."

ಕತ್ತೆಯೇ ಬಂತು. ಹಿಡಿಯಲು ಎರಡು ಉದ್ದ ಕಿವಿ. ತಂಗಿ ಅದರ ಮೂತಿಗೆ ಮುತ್ತಿಟ್ಟಳು. ಅಜ್ಜಿ ಹೊಸ್ತಿಲಿಗೆ ಅಡ್ಡ ನಿಂತಳು.

"ತಪ್ಪು ಮಾಡಿದವರನ್ನ ಕತ್ತಿ ಮ್ಯಾಲ ಕುಂಡರಸತಾರ. ನಮ್ಮ ಮನಿ ಹೆಣ್ಣುಮಗಳು ಏನ್ ತಪ್ಪು ಮಾಡ್ಯಾಳ?"

ಅದನ್ನೇ ನಾನೂ ಕೇಳಬೇಕಿತ್ತು: ಏನು ತಪ್ಪು ಮಾಡಿದ್ದಳು? ಅಪ್ಪ ಕತ್ತೆಯನ್ನು ಹಿತ್ತಲಿನ ದನದ ಕೊಟ್ಟಿಗೆಗೆ ಒಯ್ದಿಟ್ಟರು. ಕೊಟ್ಟಿಗೆಗೆ! ಅಜ್ಜಿ ಭಕ್ತೆ, ಅಪ್ಪ ಶಾಂತಸ್ವಭಾವದವರು ಎಂದು ನೆಂಟರು ಈಗಲೂ ಹೊಗಳುತ್ತಾರೆ. ನಾನು ಎದ್ದು ಹೋಗುತ್ತೇನೆ.

ಮರುದಿನ ಊಟಕ್ಕೆ ಕರೆದರೆ ತಂಗಿ ಒಳಗೆ ಬರಲಿಲ್ಲ. ಗೋಡೆ ಹಿಡಿದುಕೊಂಡು ಕೊಟ್ಟಿಗೆಗೆ ಹೋಗಿ ಕತ್ತೆಯ ಮೇಲೆ ಕೂತು ಕೂಗಿದಳು: "ಅವ್ವಾ, ನನ್ನ ಗಂಗಾಳ ಇಲ್ಲೇ ತಗೊಂಡ್ ಬಾ. ನಾ ಇಲ್ಲೇ ಉಣ್ಣಾಕಿ."

ಅವ್ವ ಅಜ್ಜಿಯ ಮುಖ ನೋಡಲಿಲ್ಲ. ಎರಡು ಗಂಗಾಳಕ್ಕೆ ರೊಟ್ಟಿ ಹಾಕಿಕೊಂಡು ಹೋಗಿ, ಮಗಳ ಪಕ್ಕ ಹುಲ್ಲಿನ ಮೇಲೆ ಕೂತಳು.