ಒಂದೇ ಪೆನ್ನಿನ ಎರಡು ದೇಶ

ಬೆಳಿಗ್ಗೆ ಆರೂವರೆ. ಗುತ್ತಿಗಾರಿನಿಂದ ಕಾಡಿನ ಕಡೆಗೆ ಹೊರಳುವ ಮಣ್ಣುರಸ್ತೆಯಲ್ಲಿ ಸೇವಂತಿಯಕ್ಕ ತಟ್ಟನೆ ನಿಲ್ಲುತ್ತಾರೆ. ಎದುರಿಗೆ ಆನೆಲದ್ದಿ. ಬಗ್ಗಿ, ಅಂಗೈಯನ್ನು ಅದರ ಮೇಲೆ ಹಿಡಿದು ಬಿಸಿ ನೋಡುತ್ತಾರೆ. "ತಣ್ಣಗುಂಟು. ರಾತ್ರಿಯದ್ದು" ಎನ್ನುತ್ತಾರೆ. ನಾನು ಹೆಜ್ಜೆ ಮುಂದಿಟ್ಟರೆ ತೋಳು ಹಿಡಿದು ತಡೆಯುತ್ತಾರೆ. "ನಿಲ್ಲಿ ಮಾರಾಯ್ರೆ. ಲದ್ದಿ ತಣ್ಣಗಿದ್ದರೆ ಆ ಆನೆ ಹೋಗಿದೆ ಅಂತ ಅರ್ಥ. ಎಲ್ಲ ಆನೆ ಹೋಗಿದೆ ಅಂತ ಅಲ್ಲ."

ಏಳು ಗಂಟೆಗೆ ಸುಳ್ಯದ ಬಸ್ಸು ಟಪಾಲು ಚೀಲವನ್ನು ಇಳಿಸುತ್ತದೆ. ಸೇವಂತಿಯಕ್ಕ ಚೀಲದ ದಾರ, ಗಂಟು, ಅರಗಿನ ಮುದ್ರೆ ಎಲ್ಲವನ್ನೂ ತಿರುಗಿಸಿ ನೋಡಿದ ಮೇಲೆಯೇ ಬಸ್ಸು ಹೊರಡಬೇಕು. ಕಂಡಕ್ಟರ್ ಶುಕೂರ್ ಬಾಗಿಲಲ್ಲಿ ನಿಂತು ನಗುತ್ತಾರೆ: "ಒಂಬತ್ತು ವರ್ಷ ಆಯ್ತು ನಾನು ಈ ಬಸ್ಸಿಗೆ ಬಂದು. ಅಕ್ಕ ಒಂದು ದಿನ ನನ್ನನ್ನು ನಂಬಿಲ್ಲ." ನನ್ನ ಪತ್ರಿಕೆಯ ಗುರುತುಚೀಟಿಯನ್ನೂ ಸೇವಂತಿಯಕ್ಕ ಹಿಂದೆಮುಂದೆ ನೋಡಿ, ಫೋಟೊವನ್ನು ನನ್ನ ಮುಖಕ್ಕೆ ಹೋಲಿಸಿದ ಮೇಲೆಯೇ ಮಾತಿಗೆ ಒಪ್ಪಿದ್ದು.

ಕಡಬದ ಪೆರಾಬೆಯಲ್ಲಿ ಹುಟ್ಟಿ ಮದುವೆಯಾಗಿ ಇಲ್ಲಿಗೆ ಬಂದ ಸೇವಂತಿಯಕ್ಕ ಹದಿನೇಳು ವರ್ಷಗಳಿಂದ ಗ್ರಾಮೀಣ ಅಂಚೆ ಸೇವಕಿ. ಇನ್ನೂರ ಹನ್ನೆರಡು ಮನೆ, ದಿನಕ್ಕೆ ಹನ್ನೊಂದು ಕಿಲೋಮೀಟರು ನಡಿಗೆ, ತೊರೆ ದಾಟಲು ಎರಡು ಕಾಲುಸಂಕ. ಮಳೆಗಾಲದಲ್ಲಿ ಕೊಡೆ ತನಗಲ್ಲ, ಚೀಲಕ್ಕೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ರಿಜಿಸ್ಟರ್ ಕಾಗದ ಕಾಣೆಯಾಗಿತ್ತು. ಇಪ್ಪತ್ತೆರಡು ದಿನಗಳ ನಂತರ ಅದು ಬಸ್ಸಿನ ಸೀಟಿನಡಿ ಸಿಕ್ಕಿತು. "ಅಷ್ಟು ದಿನ ಯಾರೂ ಬಯ್ಯಲಿಲ್ಲ. ಸುಮ್ಮನೆ ನನ್ನ ಮುಖ ನೋಡುದು. ಬೈದರೆ ಎಷ್ಟೋ ವಾಸಿ ಇತ್ತು."

ಕಳೆದ ವರ್ಷ ಈ ಊರಿನಲ್ಲಿ ಸಂಶಯಕ್ಕೊಂದು ದೊಡ್ಡ ವಿಷಯವೇ ಸಿಕ್ಕಿತು. ಕುಶಾಲಪ್ಪ ಮತ್ತು ಕುಮುದಿನಿಯವರ ಮಗಳು ಭವಿತಾ ಪುತ್ತೂರಿನಲ್ಲಿ ಡಿಗ್ರಿ ಓದುತ್ತಿದ್ದವಳು. ಹಡಗಿನಲ್ಲೇ ನಡೆಯುವ ಒಂದು ವಿದೇಶಿ ಕಾಲೇಜಿಗೆ ಅವಳಿಗೆ ವಿದ್ಯಾರ್ಥಿವೇತನ ಸಿಕ್ಕಿತು. ನಾಲ್ಕು ತಿಂಗಳು, ಏಳು ದೇಶ; ಸಮುದ್ರದಲ್ಲಿರುವಾಗ ಪಾಠ, ಬಂದರಿಗೆ ಬಂದಾಗ ಊರು ನೋಡುವುದು. ಸೀನನ ಹೋಟೆಲಿನಲ್ಲಿ ಇದನ್ನು ಯಾರೂ ನಂಬಲಿಲ್ಲ. "ಹಡಗಿನಲ್ಲಿ ಕಾಲೇಜಂತೆ! ಬೋರ್ಡು ಅಲ್ಲಾಡುದಿಲ್ವಾ?" ಎಂದು ಶುರುವಾದ ನಗೆ, ಹುಡುಗಿಯನ್ನು ಯಾರೋ ಏಜೆಂಟರು ಮಾರುತ್ತಾರೆ ಎಂಬಲ್ಲಿಗೆ ಮುಟ್ಟಿತು. "ನನಗೂ ನಂಬಿಕೆ ಇರಲಿಲ್ಲ" ಎಂದು ಸೇವಂತಿಯಕ್ಕ ಒಪ್ಪಿಕೊಳ್ಳುತ್ತಾರೆ. "ಆದರೆ ಅವಳ ಪಾಸ್‌ಪೋರ್ಟು ನಾನೇ ತಂದು ಕೊಟ್ಟದ್ದು. ಹಾಗಾಗಿ ಬಾಯಿ ಮುಚ್ಚಿ ಕೂತೆ."

ಕುಶಾಲಪ್ಪನವರ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸರಿಯಿಲ್ಲ. ಪ್ರತಿ ದೇಶದಿಂದ ಒಂದೊಂದು ಕಾರ್ಡು ಹಾಕುತ್ತೇನೆಂದು ಭವಿತಾ ಮಾತು ಕೊಟ್ಟಿದ್ದಳು. ಪೋರ್ಚುಗಲ್, ಮೊರಾಕ್ಕೊದ ಕಾರ್ಡುಗಳು ಬಂದವು. ಮುಂದೆ ಅಲ್ಲಲ್ಲಿನ ಊರಿನ ಚಿತ್ರ, ಹಿಂದೆ ಇರುವೆಯಂಥ ಅಕ್ಷರಗಳಲ್ಲಿ ಉಪ್ಪಿಲ್ಲದ ಮೀನಿನ ದೂರು, ಗಾಳಿಗೆ ಹಾರಿಹೋದ ಟೋಪಿಯ ಕತೆ. ಆಮೇಲೆ ಘಾನಾದ್ದು, ಅದರ ಹಿಂದೆಯೇ ದಕ್ಷಿಣ ಆಫ್ರಿಕಾದ್ದು. ಇವೆರಡರ ಮೇಲೂ ಹಡಗಿನದ್ದೇ ಚಿತ್ರ.

"ಬೇರೆಯವರ ಕಾಗದ ಓದಬಾರದು. ಆದರೆ ಕಾರ್ಡು ಕಣ್ಣಿಗೆ ಬೀಳ್ತದಲ್ಲ?" ಎನ್ನುತ್ತಾರೆ ಸೇವಂತಿಯಕ್ಕ. ನಾಲ್ಕನೆಯದನ್ನು ಕೊಡಲು ಹೋದ ದಿನ ಕುಮುದಿನಿ ಹಳೆಯ ಮೂರನ್ನೂ ಜಗಲಿಯಲ್ಲಿ ಹರಡಿ ತೋರಿಸಿದರು. ಘಾನಾದ ಕಾರ್ಡಿನ ಕೊನೆಯ ಸಾಲಿನಲ್ಲಿ ಪೆನ್ನಿನ ಶಾಯಿ ತೆಳ್ಳಗಾಗಿತ್ತು. ದಕ್ಷಿಣ ಆಫ್ರಿಕಾದ ಕಾರ್ಡು ಅಷ್ಟೇ ತೆಳ್ಳಗೆ ಶುರುವಾಗಿ, ಅರ್ಧದಲ್ಲಿ ಕಪ್ಪು ಶಾಯಿಗೆ ತಿರುಗಿತ್ತು. ಎರಡರಲ್ಲೂ ಒಂದೇ ಮಾತು: ಚೆನ್ನಾಗಿದ್ದೇನೆ, ಊಟ ಚೆನ್ನಾಗಿದೆ, ಚಿಂತೆ ಬೇಡ. ಸೀಲು ಎರಡು ದೇಶದ್ದು, ಬರೆದದ್ದು ಒಂದೇ ಸಲ ಕೂತು. ಹಾಗಾದರೆ ಹಾಕಿದವರು ಯಾರು?

ಮೂರು ದಿನ ಸೇವಂತಿಯಕ್ಕನಿಗೆ ಊಟ ಸೇರಲಿಲ್ಲ. ಹೇಳಿದ್ದು ತಪ್ಪಾದರೆ ಸೀನನ ಹೋಟೆಲಿಗೆ ಒಂದು ವಾರದ ಮಾತಿಗೆ ಸಾಕು. ಹೇಳದೆ ಇದ್ದು ನಿಜವಾದರೆ? ನಾಲ್ಕನೇ ದಿನ ಅಡುಗೆಮನೆಯ ಬಾಗಿಲಲ್ಲಿ ಕುಮುದಿನಿಯೊಬ್ಬರಿಗೇ ಹೇಳಿದರು.

"ಊರಿನವರ ಹಾಗೆ ನೀವೂ ಶುರು ಮಾಡಿದ್ರಾ?" ಎಂದು ಕುಮುದಿನಿ ಬಾಗಿಲು ಹಾಕಿಕೊಂಡರು.

ಮರುದಿನ ಬೆಳಿಗ್ಗೆ ಕುಶಾಲಪ್ಪ ಕಾರ್ಡುಗಳನ್ನು ಹಿಡಿದುಕೊಂಡು ಅಂಚೆ ಕಚೇರಿಗೆ ಬಂದರು. "ಅವಳು ರಾತ್ರಿಯಿಡೀ ಮಲಗಲಿಲ್ಲ. ಎಲ್ಲಿ, ನನಗೂ ತೋರ್ಸಿ." ಸೇವಂತಿಯಕ್ಕ ಬೆರಳಿಟ್ಟು ತೋರಿಸಿದರು. ಕುಶಾಲಪ್ಪ ಹೆಂಡತಿಯನ್ನು ಕರೆದುಕೊಂಡು ನೇರ ಸುಳ್ಯಕ್ಕೆ ಹೋಗಿ, ಸಿಗ್ನಲ್ ಸಿಕ್ಕಿದಲ್ಲಿ ನಿಂತು ಮಗಳಿಗೆ ಸಂದೇಶ ಕಳಿಸಿದರು: ಈಗಲೇ ಮುಖ ತೋರಿಸು, ಇಲ್ಲದಿದ್ದರೆ ಪೊಲೀಸರ ಹತ್ತಿರ ಹೋಗುತ್ತೇನೆ. ಹತ್ತು ನಿಮಿಷದಲ್ಲಿ ವೀಡಿಯೋ ಕರೆ ಬಂತು. ಬಿಳಿ ಗೋಡೆ, ಕಬ್ಬಿಣದ ಮಂಚ, ತೊಡೆಯವರೆಗೆ ಬ್ಯಾಂಡೇಜಿನ ಕಾಲು.

ಭವಿತಾ ಮೊರಾಕ್ಕೊದಲ್ಲಿ ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದಳು. ಹಡಗು ಮುಂದೆ ಹೋಗಿತ್ತು. ಅವಳು ಐದು ವಾರಗಳಿಂದ ಅಲ್ಲಿನ ಆಸ್ಪತ್ರೆಯಲ್ಲಿದ್ದಳು. ಹಡಗು ಹೊರಡುವ ಮೊದಲು ಒಟ್ಟಿಗೆ ಮೂರು ಕಾರ್ಡು ಬರೆದು, ಮುಂದಿನ ಬಂದರುಗಳಲ್ಲಿ ಹಾಕಲು ಜತೆಯ ಹುಡುಗಿಗೆ ಕೊಟ್ಟಿದ್ದಳು. "ಅಪ್ಪ ವಾಪಸ್ ಕರೆಸ್ತಾರೆ, ಊರಿನವರು 'ನಾವು ಹೇಳ್ಲಿಲ್ವಾ' ಅಂತಾರೆ. ಅದೇ ಹೆದರಿಕೆ" ಎಂದು ಈಗ ಊರಿಗೆ ಮರಳಿರುವ ಭವಿತಾ ನನಗೆ ಹೇಳುತ್ತಾಳೆ. "ಹಗಲು ನರ್ಸಿನ ಹತ್ತಿರ ನಗ್ತಿದ್ದೆ. ಆಮೇಲೆ ದಿಂಬು ಕಚ್ಚಿ ಅಳುದು. ಅಮ್ಮನ ಮುಖ ಕಂಡ ಮೇಲೆ ಸರಿ ನಿದ್ದೆ ಬಂತು."

ಅಪ್ಪ ವಾಪಸ್ ಕರೆಸಲಿಲ್ಲ. ಊರುಗೋಲು ಹಿಡಿದು ವಿಯೆಟ್ನಾಮಿನಲ್ಲಿ ಹಡಗು ಸೇರಿಕೊಂಡ ಅವಳು ಜಪಾನಿನವರೆಗೆ ಹೋಗಿ ಓದು ಮುಗಿಸಿದಳು.

ಈ ನಡುವೆ ಮೂರನೆಯ ಸುಳ್ಳು ಕಾರ್ಡು ಮಾರಿಷಸ್ಸಿನಿಂದ ಬಂದೇ ಬಂತು. ಸುಳ್ಳೆಂದು ತಿಳಿದೂ ಸೇವಂತಿಯಕ್ಕ ಅದನ್ನು ಹೊತ್ತು ಕಾಲುಸಂಕ ದಾಟಿದರು. "ಬಂದ ಟಪಾಲು ಮುಟ್ಟಿಸಲೇಬೇಕು. ಒಳಗೆ ಬರೆದದ್ದಕ್ಕೆ ನಾನು ಜವಾಬ್ದಾರಿ ಅಲ್ಲ." ಕುಮುದಿನಿ ಗಟ್ಟಿಯಾಗಿ ಓದಿದರು: ಚೆನ್ನಾಗಿದ್ದೇನೆ, ಚಿಂತೆ ಬೇಡ. ಓದುತ್ತ ಓದುತ್ತ ನಕ್ಕರು, ಮತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಅವತ್ತು ಬಾಗಿಲು ಹಾಕಿದ್ದು ಮನಸ್ಸಿಗೆ ಹಾಕ್ಬೇಡಿ ಅಕ್ಕಾ" ಎಂದರು.

ಆ ಹಡಗಿನಂಥದ್ದನ್ನು ಒಮ್ಮೆ ಹತ್ತುವ ಆಸೆ ಇದೆಯೇ ಎಂದು ಕೇಳುತ್ತೇನೆ. ಸೇವಂತಿಯಕ್ಕ ಚೀಲವನ್ನು ಹೆಗಲಿಗೆ ಏರಿಸಿಕೊಳ್ಳುತ್ತಾರೆ.

"ಹಡಗು ಎಂತಕ್ಕೆ? ಜಪಾನಿನ ಪೋಸ್ಟಿನವರನ್ನು ಒಮ್ಮೆ ನೋಡ್ಬೇಕು ಅಂತ ಉಂಟು. ಅಲ್ಲಿ ಒಂದು ಕಾಗದವೂ ಮನೆ ತಪ್ಪಿ ಹೋಗುದಿಲ್ಲವಂತೆ, ಭವಿತಾ ಹೇಳಿದ್ದು." ಸ್ವಲ್ಪ ಯೋಚಿಸಿ ತಲೆಯಾಡಿಸುತ್ತಾರೆ. "ನನಗೆ ಸಂಶಯ. ಹದಿನೇಳು ವರ್ಷದಲ್ಲಿ ನನ್ನದೇ ಎರಡು ತಪ್ಪಿದೆ."