ನಾಲ್ಕನೆಯ ಕುರ್ಚಿಯ ಎದುರು

ನಮ್ಮ ಊಟದ ಕೋಣೆಯ ಕನ್ನಡಿಯನ್ನು ನಾನು ಅಂದಕ್ಕೆಂದು ಹಾಕಿಸಲಿಲ್ಲ. ನನ್ನ ಅಕ್ಕ ಸುಮಿತ್ರಾ ಮೇಜು ಬಿಟ್ಟು ತಾನಾಗಿಯೇ ಎದ್ದು ಹೋಗಲಿ ಎಂದು ಹಾಕಿಸಿದೆ. ಎರಡು ವರ್ಷದಿಂದ ಮನೆಗೆ ಬಂದವರೆಲ್ಲ ಅದನ್ನು ಹೊಗಳುತ್ತಾರೆ, ನಾನು ನಗುತ್ತೇನೆ. ಆ ನಗೆ ನೆನೆದರೆ ನನಗೇ ಹೇಸಿಗೆಯಾಗುತ್ತದೆ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ಹೋದಾಗ ನಾನು ಆರು ವರ್ಷದವಳು; ಅಲ್ಲಿಂದ ನನಗೆ ಅವ್ವ ಅಂದರೆ ಅವಳೇ. ಬಾಗಲಕೋಟೆಯ ಮನೆಯಲ್ಲಿ ಅವಳು ಮುಟಗಿ ಮಾಡುತ್ತಿದ್ದಳು — ಬಿಸಿ ರೊಟ್ಟಿಯನ್ನು ಬಳ್ಳೊಳ್ಳಿ, ಉಪ್ಪು, ಖಾರ ಹಾಕಿ ಕುಟ್ಟಿ, ಎಣ್ಣೆ ಬಿಟ್ಟು ಮುಷ್ಟಿಯಲ್ಲಿ ಹಿಚುಕಿ ಕೊಡುವುದು. ಅವಳ ನಾಲ್ಕು ಬೆರಳಿನ ಗುರುತು ಅದರ ಮೇಲೆ ಹಾಗೇ ಮೂಡಿರುತ್ತಿತ್ತು. ಆ ಗುರುತಿನ ಕಡೆಯಿಂದಲೇ ನಾನು ತಿನ್ನಲು ಶುರು ಮಾಡುತ್ತಿದ್ದೆ. ನಾನು ಲಗ್ನವಾಗಿ ಪುಣೆಗೆ ಬರುವತನಕ ನಾವಿಬ್ಬರೂ ಒಂದೇ ತಾಟಿನಲ್ಲಿ ಉಂಡವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದು ಎಂಥವಳ ಕೆಲಸ ಎಂಬುದು ನಿಮಗೆ ಸರಿಯಾಗಿ ತಿಳಿಯಬೇಕು.

ಅಕ್ಕನ ಬಲಗಲ್ಲದೊಳಗೆ ಹುಣ್ಣಾಯಿತು, ಮಾಯಲಿಲ್ಲ. ಪುಣೆಗೆ ಕರೆಸಿಕೊಂಡೆವು. ಡಾಕ್ಟರು ದವಡೆಯ ಒಂದು ಭಾಗ ತೆಗೆದು, ತೊಡೆಯ ಚರ್ಮ ತಂದು ಗಲ್ಲಕ್ಕೆ ಹೊಲಿದರು. ಆಮೇಲೆ ಆರು ವಾರ ರೇಡಿಯೇಷನ್ ಎಂದರು. ಹೀಗಾಗಿ ಅವಳು ವಾಕಡದ ನಮ್ಮ ಮನೆಯಲ್ಲೇ ಉಳಿದಳು. ಅವಳನ್ನು ಮನೆಗೆ ಕಳಿಸುವಾಗ ಡಾಕ್ಟರು ನನಗೆ ಹೇಳಿದ್ದು ಒಂದೇ ಮಾತು: ಇವರನ್ನು ಎಲ್ಲರ ಜೊತೆ ಕೂಡಿಸಿಕೊಂಡು ಊಟ ಮಾಡಿ, ಒಬ್ಬರೇ ಕೂತರೆ ಇಂಥವರು ಊಟ ಬಿಟ್ಟುಬಿಡುತ್ತಾರೆ, ಊಟ ಬಿಟ್ಟರೆ ಚಿಕಿತ್ಸೆ ತಾಳಿಕೊಳ್ಳುವುದಿಲ್ಲ. ನಾನು ಆಗಲಿ ಎಂದೆ.

ಅದೇ ದಿನಗಳಲ್ಲಿ ನಾನು ಊಟದ ಕೋಣೆಯನ್ನು ಸಿಂಗರಿಸುತ್ತಿದ್ದೆ. ಅದು ಬಹಳ ವರ್ಷದ ಆಸೆ. ನಾಲ್ಕು ಅಡಿಯ ದುಂಡು ಮೇಜು, ನಾಲ್ಕು ಕುರ್ಚಿ, ಮೇಲೆ ಇಳಿಬಿಟ್ಟ ಹಳದಿ ದೀಪ, ಗೋಡೆಗೆ ಎಳೆಯ ಹಸಿರು ಬಣ್ಣ. ಅಂಗಡಿಯವನು ಮರಾಠಿಯಲ್ಲಿ ಹೇಳಿದ್ದ: "ತಾಈ, ಗೋಲ್ ಟೇಬಲಾವರ್ ಸಗ್ಳೇ ಏಕಮೇಕಾಂನಾ ದಿಸ್ತಾತ್." ದುಂಡು ಮೇಜಿಗೆ ಕೂತರೆ ಎಲ್ಲರಿಗೂ ಎಲ್ಲರೂ ಕಾಣುತ್ತಾರೆ. ಆ ಮಾತಿಗೇ ಮರುಳಾಗಿ ಕೊಂಡಿದ್ದೆ.

ಮೇಜು ಬಂದ ದಿನ ಅಕ್ಕನೂ ಕೂತಳು. ನುಚ್ಚು-ಮಜ್ಜಿಗೆ ಕಲಸಿ ಕೊಟ್ಟೆ. ಅವಳ ಕೆಳತುಟಿ ಪೂರ್ತಿ ಮುಚ್ಚುತ್ತಿರಲಿಲ್ಲ. ಬಾಯಿಗೆ ಹೋದದ್ದರಲ್ಲಿ ಸ್ವಲ್ಪ ಮೂಲೆಯಿಂದ ಇಳಿದು ಗದ್ದಕ್ಕೆ ಬರುತ್ತಿತ್ತು. ಅವಳು ತೊಡೆಯ ಮೇಲಿನ ಹಳೆಯ ಅರಿವೆಯಿಂದ ಒರೆಸಿಕೊಳ್ಳುತ್ತಿದ್ದಳು, ಮತ್ತೆ ಚಮಚ ಎತ್ತುತ್ತಿದ್ದಳು. ನುಂಗುವಾಗ ಒಂದು ಸಪ್ಪಳ — ಅದನ್ನು ಹೇಗೆ ಬರೆಯಲಿ — ಹಸಿ ಸಪ್ಪಳ. ನನಗೆ ವಾಕರಿಕೆ ಬಂತು. ನನ್ನ ಅಕ್ಕನನ್ನು ನೋಡಿ ನನಗೆ ವಾಕರಿಕೆ ಬಂತು. ಅವಳಿಗೆ ತಿಳಿಯಬಾರದೆಂದು ಪ್ರತಿ ತುತ್ತಿಗೂ ಮುಖ ಹೊರಳಿಸಿ ಅವಳ ಎದುರಿನ ಬರಿ ಗೋಡೆಯನ್ನು ನೋಡುತ್ತಿದ್ದೆ. ನಾಲ್ಕೈದು ದಿನ ಹೀಗೇ ನಡೆಯಿತು. ನನ್ನ ತಾಟಿನ ಅನ್ನ ಹಾಗೇ ಉಳಿಯುತ್ತಿತ್ತು.

ಮಗಳಿಗೆ ಕಸಿವಿಸಿಯಾಗುತ್ತದೆ, ಸಣ್ಣ ಹುಡುಗಿ ಅಂಜುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹತ್ತು ವರ್ಷದ ಅದಿತಿ ಶಾಲೆಯ ಸುದ್ದಿ ಹೇಳುತ್ತಲೇ ಕೈ ಚಾಚಿ ದೊಡ್ಡವ್ವನ ಗದ್ದ ಒರೆಸುತ್ತಿದ್ದಳು, ಮತ್ತೆ ಅದೇ ಕೈಯಿಂದ ಚಪಾತಿ ಹರಿದು ತಿನ್ನುತ್ತಿದ್ದಳು. ಹೇಸಿದವಳು ನಾನೊಬ್ಬಳೇ.

ಎದ್ದು ಒಳಗೆ ಹೋಗಿ ಉಣ್ಣು ಎಂದು ಅಕ್ಕನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಹಾಗೆ ಹೇಳಿದ್ದರೆ ಕೆಟ್ಟವಳಾಗುತ್ತಿದ್ದೆ. ಕೆಟ್ಟವಳಾಗದೆ ಆ ಕೆಲಸ ಆಗಬೇಕಿತ್ತು. ಆ ಖಾಲಿ ಗೋಡೆಗೆ ಏನು ಹಾಕುವುದು ಎಂದು ಯೋಚಿಸುತ್ತಿದ್ದವಳಿಗೆ ಒಂದು ಮಧ್ಯಾಹ್ನ ಹೊಳೆಯಿತು — ಅವಳಿಗೆ ಅವಳ ಬಾಯಿ ಕಾಣಿಸಿದರೆ ಸಾಕು.

ಕನ್ನಡಿ ಕೂಡಿಸಲು ಬಂದವರು ಯಾದಗಿರಿ ಕಡೆಯವರು, ನರೆತ ಮೀಸೆಯ ಬಸಣ್ಣ. ನಮ್ಮ ಗೋಡೆಗಳಿಗೆ ಬಣ್ಣ ಹಚ್ಚಿದವರೂ ಅವರೇ. ಅಕ್ಕ ಒಳಕೋಣೆಯಲ್ಲಿ ಮಲಗಿದ್ದಳು. ನಾನು ಅಕ್ಕನ ಕುರ್ಚಿಯಲ್ಲಿ ಕೂತು, ಬಸಣ್ಣ ಎರಡೂ ಕೈಯಲ್ಲಿ ಹಿಡಿದ ಕನ್ನಡಿಯನ್ನು ನೋಡುತ್ತ, ಇನ್ನಷ್ಟು ಕೆಳಗೆ, ಇನ್ನಷ್ಟು ಎಂದೆ. ಎದುರಿನ ಕುರ್ಚಿ ನಮ್ಮವರದು. ಹಿಂಜವಾಡಿಯ ಆಫೀಸಿನಿಂದ ಆ ಟ್ರಾಫಿಕ್ ದಾಟಿ ಅವರು ಬರುವಷ್ಟರಲ್ಲಿ ನಮ್ಮ ಊಟ ಮುಗಿದಿರುತ್ತಿತ್ತು. ನಡುವೆ ಅಡ್ಡ ಬರುವವರು ಯಾರೂ ಇರಲಿಲ್ಲ. ಇದನ್ನೂ ಲೆಕ್ಕ ಹಾಕಿದ್ದೆ.

ಬಸಣ್ಣ ಹೇಳಿದರು: "ಇಷ್ಟ ಕೆಳಗ ಬ್ಯಾಡ್ರಿ ಅಕ್ಕಾರ. ಉಣ್ಣೂ ಮುಂದ ಮಾರಿ ಕಾಣಸ್ತದ. ಯಾರಿಗೂ ಚಂದ ಅನಸಂಗಿಲ್ಲ."

"ಇರಲಿ ಬಿಡ್ರಿ," ಎಂದೆ. ನನ್ನ ಬಾಯಿ ಕನ್ನಡಿಯ ನಟ್ಟನಡುವೆ ಕಾಣುವತನಕ ಇಳಿಸಿ, ಅಲ್ಲಿಯೇ ಮೊಳೆ ಹೊಡೆಸಿದೆ.

ಆ ರಾತ್ರಿ ಊಟಕ್ಕೆ ಕೂತೆವು. ಅಕ್ಕ ಒಂದು ಚಮಚ ತೆಗೆದುಕೊಂಡಳು, ತಲೆ ಎತ್ತಿದಳು. ನಾನು ಎಂದಿನಂತೆ ಗೋಡೆಯ ಕಡೆ ಮುಖ ಹೊರಳಿಸಿದ್ದೆ. ಅವಳು ಕನ್ನಡಿಯನ್ನು ನೋಡಿದಳು — ಬಹಳ ಹೊತ್ತಲ್ಲ, ಒಂದು ಉಸಿರಿನಷ್ಟು. ಚಮಚ ಬಟ್ಟಲಲ್ಲಿಟ್ಟು, ಅರಿವೆ ಮಡಚಿಕೊಂಡು, ಬಟ್ಟಲು ಎತ್ತಿಕೊಂಡು ಅಡಿಗೆಮನೆಗೆ ನಡೆದಳು. ಹಿಂದೆ ಹೋದೆ. ಫ್ರಿಜ್ ಪಕ್ಕದಲ್ಲಿ, ಗೋಡೆಗೆ ಮುಖ ಮಾಡಿ ನೆಲದ ಮೇಲೆ ಕೂತಿದ್ದಳು.

"ನನಗ ಕೆಳಗ ಕೂತು ಉಣ್ಣೂದ ರೂಢಿ ಅದವ್ವಾ. ನೀ ಹೋಗು. ನೀನೂ ನಾಕ್ ತುತ್ತು ಹೊಟ್ಟಿ ತುಂಬ ಉಣ್ಣು."

ಮೇಜಿಗೆ ಮರಳಿ ಬಂದು ಹೊಟ್ಟೆ ತುಂಬ ಉಂಡೆ. ಹೌದು, ಉಂಡೆ. ಬಹಳ ದಿನಗಳ ಮೇಲೆ ರುಚಿ ಹತ್ತಿತು. ಮೊಸರು ಎರಡನೆಯ ಸಲ ಹಾಕಿಕೊಂಡದ್ದು ಕೂಡ ನೆನಪಿದೆ. ತಡವಾಗಿ ಬಂದ ನಮ್ಮವರು ಗೋಡೆ ನೋಡಿ, "ಕನ್ನಡಿ ಭಾಳ ಚಲೋ ಅದ, ಖೋಲಿ ದೊಡ್ಡದು ಕಾಣಸ್ತದ," ಎಂದರು. ಅಕ್ಕ ಯಾಕೆ ಒಳಗೆ ಉಂಡಳು ಎಂದು ಕೇಳಿದರು. ಅವಳಿಗೆ ಅದೇ ಹಿತವಂತೆ ಎಂದೆ. ಅದಿತಿ ಮರುದಿನ ತನ್ನ ತಾಟು ಹಿಡಿದು ದೊಡ್ಡವ್ವನ ಹತ್ತಿರ ಹೊರಟಳು. ಹೊಸ ಮೇಜು ಇರುವುದು ಯಾತಕ್ಕೆ ಎಂದು ಗದರಿ ಕೂರಿಸಿದೆ.

ಅಕ್ಕನ ಬಟ್ಟಲಿನಲ್ಲಿ ಮೊದಲು ಅರ್ಧ ಉಳಿಯುತ್ತಿತ್ತು, ಆಮೇಲೆ ಮುಕ್ಕಾಲು. ಅವಳೇ ಬಟ್ಟಲು ತೊಳೆದು ಇಡುತ್ತಿದ್ದಳು, ನಾನು ನೋಡದಿರಲೆಂದು. ನಾನೂ ನೋಡದವಳಂತೆ ಇದ್ದೆ — ಇಬ್ಬರಿಗೂ ಅನುಕೂಲವಾಯಿತು ಎಂದು ಬರೆಯಹೊರಟಿದ್ದೆ, ಎಂಥ ಮಾತು. ಅನುಕೂಲವಾದದ್ದು ನನಗೆ.

ರೇಡಿಯೇಷನ್ ಶುರುವಾದ ಮೂರನೆಯ ವಾರ ಡಾಕ್ಟರು ತೂಕ ನೋಡಿ ಹುಬ್ಬು ಗಂಟಿಕ್ಕಿದರು. ಮನೆಯಲ್ಲಿ ಎಲ್ಲರ ಜೊತೆ ಊಟ ಮಾಡುತ್ತಾರೆ ತಾನೇ ಎಂದು ಮರಾಠಿಯಲ್ಲಿ ನನ್ನನ್ನು ಕೇಳಿದರು. ಅಕ್ಕ ಪಕ್ಕದಲ್ಲೇ ಇದ್ದಳು.

"ಹೋ ಡಾಕ್ಟರ್, ಆಮ್ಹೀ ಸಗ್ಳೇ ಏಕತ್ರಚ್ ಜೇವತೋ," ಎಂದೆ. ಹೌದು, ನಾವೆಲ್ಲ ಒಟ್ಟಿಗೇ ಉಣ್ಣುತ್ತೇವೆ.

ಅಕ್ಕನಿಗೆ ಮರಾಠಿ ಬರುವುದಿಲ್ಲ ಎಂದು ಧೈರ್ಯ ಮಾಡಿದ್ದೆ. ಬಾಗಲಕೋಟೆಯವಳಿಗೆ ಅಷ್ಟು ಮರಾಠಿ ತಿಳಿಯದೇ ಇರುತ್ತದೆಯೆ? ಅವಳು ನನ್ನ ಮುಖ ನೋಡಿದಳು. ಆಮೇಲೆ ಡಾಕ್ಟರ ಕಡೆ ತಿರುಗಿ, ಹೌದೆಂದು ತಲೆ ಆಡಿಸಿದಳು. ನನ್ನ ಸುಳ್ಳಿಗೆ ಅವಳು ಸಾಕ್ಷಿ ನಿಂತಳು.

ಮರುವಾರ ಅವಳ ಮೂಗಿನಿಂದ ಹೊಟ್ಟೆಗೆ ಊಟದ ನಳಿಗೆ ಹಾಕಿದರು. ರೇಡಿಯೇಷನ್‌ನಿಂದ ಬಾಯಿ ಹುಣ್ಣಾಗುತ್ತದೆ, ಹೀಗೆ ಎಷ್ಟೋ ಜನರಿಗೆ ಆಗುತ್ತದೆ ಎಂದು ಡಾಕ್ಟರು ಅಂದರು. ಆ ಮಾತನ್ನು ಎರಡು ವರ್ಷ ಗಟ್ಟಿಯಾಗಿ ಹಿಡಿದುಕೊಂಡು ಕೂತೆ. ರೇಡಿಯೇಷನ್ ಮುಗಿದ ಮೇಲೆ ಅಕ್ಕ ನಳಿಗೆಯ ಸಮೇತ ಊರಿಗೆ ಹೋದಳು. ಅದನ್ನು ತೆಗೆಯಲು ಐದು ತಿಂಗಳು ಬೇಕಾಯಿತು. ಈಗ ಬದುಕಿದ್ದಾಳೆ, ಕಾಯಿಲೆ ಮರಳಿಲ್ಲ. ಆದರೆ ಯಾರ ಎದುರಿಗೂ ಉಣ್ಣುವುದಿಲ್ಲ. ಹೋದ ವರ್ಷ ಸಂಬಂಧಿಕರ ಲಗ್ನದಲ್ಲಿ ಅವಳನ್ನು ಹುಡುಕುತ್ತ ಹೋದರೆ, ಪಾತ್ರೆ ಇಡುವ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಕೂತಿದ್ದಳು. ಗೋಡೆಗೆ ಮುಖ ಮಾಡಿ.

ತನ್ನ ಬಾಯಿ ನೋಡಿಕೊಂಡು ಅವಳಿಗೆ ನಾಚಿಕೆಯಾಯಿತು, ಅದಕ್ಕೇ ಹೀಗಾದಳು ಎಂದೇ ತಿಳಿದಿದ್ದೆ. ಮೊನ್ನೆಯತನಕ.

ಮೊನ್ನೆ ಅದಿತಿ ಅಕ್ಕನ ಕುರ್ಚಿಯಲ್ಲಿ ಕೂತಿದ್ದಳು. ನಾನು ನನ್ನ ಜಾಗದಲ್ಲಿ ಕೂತು, ಹಾಗಲಕಾಯಿ ಕಹಿಯಾಯಿತೆಂದು ಮುಖ ಹಿಂಡಿದೆ. ಅವಳು ಕನ್ನಡಿ ನೋಡಿ ನಕ್ಕಳು. "ಮಮ್ಮೀ, ಇಲ್ಲಿ ಕೂತ್ರ ನನ್ನ ಮಾರಿಕಿಂತ ನಿನ್ನ ಮಾರೀನ ಸ್ವಚ್ಛ ಕಾಣಸ್ತದ."

ಅವಳನ್ನು ಎಬ್ಬಿಸಿ ನಾನು ಕೂತೆ, ನನ್ನ ಕುರ್ಚಿಯಲ್ಲಿ ಅವಳನ್ನು ಕೂರಿಸಿದೆ. ಗೋಡೆಯ ಕಡೆ ನೋಡು ಎಂದೆ. ನೋಡಿದಳು. ಕನ್ನಡಿಯಲ್ಲಿ ನನ್ನ ಬಾಯಿ ಇತ್ತು, ಅದರ ಪಕ್ಕದಲ್ಲೇ ಅವಳ ಪೂರ್ತಿ ಮುಖ — ಹುಬ್ಬು, ಮೂಗಿನ ಹೊಳ್ಳೆ, ತುಟಿಯ ಕೊಂಕು, ಎಲ್ಲ. ಬಸಣ್ಣನ ಹತ್ತಿರ ಅಳತೆ ಮಾಡಿಸಿದ ದಿನ ನಾನು ಅಕ್ಕನ ಜಾಗದಲ್ಲಿದ್ದೆ, ನನ್ನ ಕುರ್ಚಿ ಖಾಲಿ ಇತ್ತು. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅಕ್ಕ ತನ್ನ ಬಾಯಿಯನ್ನು ಆಸ್ಪತ್ರೆಯಲ್ಲೇ ನೋಡಿಕೊಂಡಿದ್ದಳು. ದಿನಾ ಬೆಳಿಗ್ಗೆ ತಾನೇ ತೊಳೆದು ಔಷಧ ಹಚ್ಚಿಕೊಳ್ಳುತ್ತಿದ್ದಳು. ಅದಕ್ಕೆ ಅವಳು ಹೇಸಿದ್ದೇ ಇಲ್ಲ. ಆ ರಾತ್ರಿ ಅವಳು ನೋಡಿದ್ದು, ಅಷ್ಟು ದಿನ ಗೋಡೆಯ ಕಡೆ ತಿರುಗಿಸಿ ಬಚ್ಚಿಟ್ಟಿದ್ದ ನನ್ನ ಮುಖವನ್ನು. ನೀನೂ ನಾಕ್ ತುತ್ತು ಉಣ್ಣು ಎಂದದ್ದು ಬರಿಯ ಉಪಚಾರವಲ್ಲ. ನಾನು ಉಣ್ಣಲೆಂದು ಅವಳು ಎದ್ದು ಹೋದಳು.

ಕನ್ನಡಿಯನ್ನು ತೆಗೆಸಿಲ್ಲ. ದಿನಾ ಅಕ್ಕನ ಅದೇ ಕುರ್ಚಿಯಲ್ಲಿ ಕೂತು ಉಣ್ಣುತ್ತಿದ್ದೇನೆ. ಈ ಭಾನುವಾರ ಬಾಗಲಕೋಟೆಗೆ ಹೋಗುತ್ತೇನೆ. ಕನ್ನಡಿಯ ಮಾತು, ಡಾಕ್ಟರಿಗೆ ಹೇಳಿದ ಮಾತು, ಎರಡನೆಯ ಸಲ ಹಾಕಿಕೊಂಡ ಮೊಸರು — ಎಲ್ಲವನ್ನೂ ನನ್ನ ಬಾಯಿಂದಲೇ ಅವಳಿಗೆ ಹೇಳಬೇಕು. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅವಳು ಕ್ಷಮಿಸಿಬಿಡುತ್ತಾಳೆ. ಹೇಳಿ ಮುಗಿಸಿ, ಅವಳ ಎದುರು ನೆಲದ ಮೇಲೆ ಕೂತಿರುತ್ತೇನೆ. ಅವಳು ನನ್ನ ಮುಖ ನೋಡುವಷ್ಟು ಹೊತ್ತು ನೋಡಲಿ. ಈ ಸಲ ಹೊರಳಿಸುವುದಿಲ್ಲ.