ಎಳೆದರೆ ಬಿಚ್ಚುವ ಹೊಲಿಗೆ

ಬೆಳಗಿನ ಐದೂಕಾಲು. ಬಾಲಕಿಯರ ವಸತಿಗೃಹ ಇನ್ನೂ ಮಲಗಿದೆ. ಹಿಂಬದಿಯ ಬಟ್ಟೆ ಕೋಣೆಯಲ್ಲಿ ಮಾತ್ರ ದೀಪ. ಉದ್ದನೆಯ ಮೇಜಿನ ಮೇಲೆ ಪುಟ್ಟ ಅಂಗಿ, ಲಂಗ, ಒಳಲಂಗಗಳ ಗುಡ್ಡೆ. ಅದರ ಹಿಂದೆ ಕುಳಿತ ಹೆಂಗಸು ಕನ್ನಡಕವನ್ನು ಹಣೆಗೇರಿಸುತ್ತಾರೆ, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡುತ್ತಾರೆ, ಒಂದೇ ಸಲಕ್ಕೆ ಸೂಜಿಗೆ ಪೋಣಿಸುತ್ತಾರೆ. ಇಲ್ಲಿನ ಅರವತ್ತನಾಲ್ಕು ಮಕ್ಕಳಿಗೆ ಇವರು ಸೂಜಿ ಅತ್ತೆ. ವಯಸ್ಸು ಐವತ್ತೊಂದು. ಮಾತನಾಡಿಸಲು ಬಂದ ನನ್ನಂಥವರಿಗೆ ಮೊದಲು ಒಂದು ಸ್ಟೂಲು ಕೊಡುತ್ತಾರೆ, ಅದರ ಹಿಂದೆಯೇ ಗುಂಡಿ ಕಿತ್ತುಹೋದ ಒಂದು ಅಂಗಿಯನ್ನೂ. ‘ಬಾಯಿ ಆಡ್ತಾ ಇರ್ಲಿ, ಕೈ ಯಾಕೆ ಖಾಲಿ ಇರ್ಬೇಕು’ ಎನ್ನುವುದು ಅವರ ಲೆಕ್ಕ.

ಬಾಗಿಲ ಬಳಿ, ಹೊಸ್ತಿಲಿನ ಆಚೆಗೇ, ಏಳು ವರ್ಷದ ಹುಡುಗಿಯೊಬ್ಬಳು ಕುಳಿತಿದ್ದಾಳೆ. ತೊಡೆಯ ಮೇಲೆ ಜಿಪ್ ಎಳೆದ ನೀಲಿ ಚೀಲ. ಇಲ್ಲಿಗೆ ಬಂದು ಎಂಟು ದಿನವಾಯಿತು. ಚೀಲವನ್ನು ಯಾರಿಗೂ ಮುಟ್ಟಲು ಬಿಟ್ಟಿಲ್ಲ. ರಾತ್ರಿ ಅದೇ ತಲೆದಿಂಬು, ಹಗಲು ಅದೇ ಕಂಕುಳಿನ ಕೂಸು. ಮೈಮೇಲಿನ ಹಳದಿ ಫ್ರಾಕನ್ನೂ ಎಂಟು ದಿನದಿಂದ ಬದಲಿಸಿಲ್ಲ. ಊಟದ ಕೋಣೆಯಲ್ಲಿ ಪಕ್ಕದವರು ಮೂಗು ಹಿಡಿದುಕೊಳ್ಳುತ್ತಾರೆ. ಎದ್ದು ಬೇರೆ ಕಡೆ ಕೂರುತ್ತಾರೆ.

ಬಟ್ಟೆ ಒಗೆಯುವುದು ವಾರಕ್ಕೆರಡು ದಿನ, ಎಂಟು ಗಂಟೆಗೆ ಶುರು. ಒಂದು ಸಲಕ್ಕೆ ಸುಮಾರು ಇನ್ನೂರು ಬಟ್ಟೆ, ಎಲ್ಲ ಒಂದೇ ನೀರಿಗೆ. ಹಾಗಾಗಿ ಗುರುತು ಹೊಲಿಯದ ಬಟ್ಟೆಯನ್ನು ಒಗೆಯಲು ಹಾಕುವ ಹಾಗಿಲ್ಲ. ಹುಡುಗಿ ಗುರುತು ಹಾಕಿಸಿಕೊಳ್ಳಲು ಒಪ್ಪುತ್ತಿಲ್ಲ. ಗುರುತು ಬಿದ್ದರೆ ಇಲ್ಲಿಯವಳಾದ ಹಾಗೆ ಎಂದು ಅವಳ ನಂಬಿಕೆ. ಅಪ್ಪ ಬರುತ್ತಾರೆ, ತಾನು ಹೋಗುತ್ತೇನೆ ಎನ್ನುತ್ತಾಳೆ. ಕುತ್ತಿಗೆಯ ಸುತ್ತ ಬೆವರುಸಾಲೆ ಎದ್ದಿರುವುದನ್ನು ನಿನ್ನೆ ವಾರ್ಡನ್ ನೋಡಿದ್ದಾರೆ. ಕೆಟ್ಟವರಲ್ಲ, ಆದರೆ ಅರವತ್ತನಾಲ್ಕು ಮಕ್ಕಳ ಜವಾಬ್ದಾರಿ ಹೊತ್ತವರು. ಇವತ್ತು ಎಂಟರೊಳಗೆ ಹುಡುಗಿ ತಾನಾಗಿ ಬಟ್ಟೆ ಕೊಡದಿದ್ದರೆ ಚೀಲವನ್ನು ತೆರೆಸುವುದಾಗಿ ಹೇಳಿ ಹೋಗಿದ್ದಾರೆ.

ಅತ್ತೆ ಹುಡುಗಿಯನ್ನು ಒಳಗೆ ಕರೆಯುವುದಿಲ್ಲ. ಅವಳತ್ತ ನೋಡುವುದೂ ಅಷ್ಟಕ್ಕಷ್ಟೇ. ‘ಕರೆದ್ರೆ ಓಡ್ತಾಳೆ. ಕರೀದೆ ಇದ್ರೆ ಕೂತಿರ್ತಾಳೆ’ ಎಂದು ದನಿ ತಗ್ಗಿಸಿ ಹೇಳುತ್ತಾರೆ. ‘ನನಗೆ ಗೊತ್ತು. ಆ ಹೊಸ್ತಿಲ ಮೇಲೆ ನಾನೂ ಕೂತಿದ್ದೆ.’

ಅವರು ಇಲ್ಲಿಗೆ ಬಂದಾಗ ಆರು ವರ್ಷ. ತಂದೆ ತೀರಿಕೊಂಡಿದ್ದರು. ತಾಯಿಗೆ ಕಟ್ಟಡದ ಕೆಲಸ, ಒಂದು ಕಡೆ ಗೋಡೆ ಎದ್ದರೆ ಇನ್ನೊಂದು ಕಡೆಗೆ ಹೊರಡಬೇಕು. ನಾಲ್ಕು ತಿಂಗಳಷ್ಟೇ ಎಂದು ಹೇಳಿ ಬಿಟ್ಟುಹೋದರು. ನಾಲ್ಕು ತಿಂಗಳು ಹತ್ತು ವರ್ಷವಾಯಿತು. ಪ್ರತಿ ತಿಂಗಳ ಮೊದಲ ಭಾನುವಾರ ತಾಯಿ ತಪ್ಪದೆ ಬರುತ್ತಿದ್ದರು. ಉಗುರುಗಳ ಸಂದಿಯಲ್ಲಿ ಸಿಮೆಂಟು ಹಾಗೇ ಇರುತ್ತಿತ್ತು. ಆ ಕಾಲದಲ್ಲಿ ಮಕ್ಕಳಿಗೆ ಕೊಡುತ್ತಿದ್ದದ್ದು ನಂಬರು. ಪ್ರತಿ ಬಟ್ಟೆಯ ಕೊರಳಪಟ್ಟಿಯ ಒಳಗೆ ಕಪ್ಪು ದಾರದಲ್ಲಿ, ಕತ್ತರಿಗೂ ಜಗ್ಗದಷ್ಟು ಬಿಗಿಯಾಗಿ ಹೊಲಿಯುತ್ತಿದ್ದರು. ಇವರದು ಇಪ್ಪತ್ತಾರು. ತಟ್ಟೆಗೂ ಇಪ್ಪತ್ತಾರು, ಮಂಚಕ್ಕೂ ಇಪ್ಪತ್ತಾರು, ಹಲ್ಲುಜ್ಜುವ ಬ್ರಷ್ಷಿಗೂ ಅದೇ.

ಹದಿನಾರಕ್ಕೆ ತಾಯಿ ಒಂದು ಬಾಡಿಗೆ ಕೋಣೆ ಹಿಡಿದು ಕರೆದುಕೊಂಡು ಹೋದರು. ಮನೆ ಸೇರಿದ ಮೊದಲ ಮಧ್ಯಾಹ್ನವೇ ಮಗಳು ಬ್ಲೇಡು ತೆಗೆದುಕೊಂಡು ಕೂತು, ಇದ್ದ ಮೂರು ಅಂಗಿಗಳಿಂದಲೂ ನಂಬರು ಕಿತ್ತಳು. ದಾರದ ಜತೆಗೆ ಬಟ್ಟೆಯೂ ಬಂತು. ಮೂರೂ ಅಂಗಿಗಳ ಬೆನ್ನಲ್ಲಿ ಬೆರಳು ತೂರುವಷ್ಟು ತೂತು. ‘ಎರಡು ವರ್ಷ ಹೆರಳು ಮುಂದೆ ಹಾಕ್ಕೊಂಡಿಲ್ಲ ನಾನು’ ಎಂದು ಅತ್ತೆ ನಗುತ್ತಾರೆ. ‘ತೂತು ಮುಚ್ಚೋಕೆ ಯಾವಾಗ್ಲೂ ಹಿಂದೇನೇ ಇರ್ತಿತ್ತು.’

ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದುಕೊಂಡಿದ್ದವರು ಹದಿನೈದು ವರ್ಷಗಳ ನಂತರ ಇದೇ ಗೇಟಿನ ಮುಂದೆ ಬಂದು ನಿಂತರು. ಕೆಲಸ ಮಾಡುತ್ತಿದ್ದ ಹೊಲಿಗೆ ಕಾರ್ಖಾನೆ ಮುಚ್ಚಿತ್ತು, ಮಗಳು ಚಿಕ್ಕವಳು, ಇಲ್ಲಿ ಹೊಲಿಗೆಯವರು ಬೇಕಾಗಿದ್ದಾರೆ ಎಂದು ಯಾರೋ ಹೇಳಿದ್ದರು. ಅರ್ಧ ಗಂಟೆ ಹೊರಗೇ ನಿಂತು ಒಳಗೆ ಬಂದರಂತೆ. ಎಲ್ಲವೂ ಕುಗ್ಗಿಹೋಗಿತ್ತು. ಕೋಣೆಗಳ ನಡುವಿನ, ಓಡಿದರೂ ಮುಗಿಯದ ಓಣಿ ಇಪ್ಪತ್ತು ಹೆಜ್ಜೆಗೆ ಮುಗಿಯಿತು. ಕಾಲ್ಬೆರಳ ಮೇಲೆ ನಿಂತರೂ ಎಟುಕದ ಬಟ್ಟೆಯ ಗೂಟ ಈಗ ಭುಜದ ಹತ್ತಿರವಿತ್ತು. ‘ಇಷ್ಟೇ ಇಷ್ಟು ಜಾಗಕ್ಕೆ ಅಷ್ಟೊಂದು ಹೆದರಿದ್ನಲ್ಲ ಅನ್ನಿಸ್ತು. ನಗು ಬಂತು.’

ಆ ನಗು ಮರುದಿನ ಬೆಳಗಿನ ಹಾಜರಿಯವರೆಗೆ ಮಾತ್ರ ಇತ್ತು. ಹೊಸ ಕೆಲಸದವರನ್ನು ಮಕ್ಕಳಿಗೆ ತೋರಿಸಲೆಂದು ಅಂಗಳಕ್ಕೆ ಕರೆದಿದ್ದರು. ಆಗಿನ ವಾರ್ಡನ್ ನಂಬರುಗಳನ್ನು ಒಂದೇ ಉಸಿರಿನಲ್ಲಿ ಕೂಗುತ್ತಾ ಬಂದರು. ಇಪ್ಪತ್ತಾರು ಎಂದಾಗ ಎರಡು ಬಾಯಿಗಳು ಒಟ್ಟಿಗೆ ‘ಇದ್ದೀನಿ’ ಎಂದವು. ಒಂದು ಎಂಟು ವರ್ಷದ ಹುಡುಗಿಯದು. ಇನ್ನೊಂದು ಮೂವತ್ತೊಂದು ವರ್ಷದ, ಒಂದು ಮಗುವಿನ ತಾಯಿಯದು. ಕೈಯನ್ನೂ ಎತ್ತಿದ್ದರಂತೆ. ಅಂಗಳಕ್ಕೆ ಅಂಗಳವೇ ಬಿದ್ದು ಬಿದ್ದು ನಕ್ಕಿತು.

‘ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ಅತ್ಬಿಟ್ಟೆ’ ಎನ್ನುತ್ತಾರೆ, ಹೊಲಿಗೆ ನಿಲ್ಲಿಸದೆ. ‘ಮದುವೆ ಆಗಿತ್ತು, ಮಗು ಆಗಿತ್ತು, ಹತ್ತು ಜನರಿಗೆ ಕೆಲಸ ಕಲಿಸಿದ್ದೆ. ಒಳಗೆ ನೋಡಿದ್ರೆ ಇನ್ನೂ ಅವಳೇ ಇದ್ಲು. ಕೂಗಿದ್ರೆ ಓಡಿ ಬರೋಕೆ ತಯಾರಾಗಿ.’

ಅದೇ ವಾರ ಅವರು ವಾರ್ಡನ್ ಮುಂದೆ ನಿಂತು, ಬಟ್ಟೆಗೆ ನಂಬರು ಬೇಡ, ಚಿತ್ರ ಹೊಲಿಯುತ್ತೇನೆ ಎಂದು ಕೇಳಿದರು. ಓದಲು ಬಾರದ ಪುಟ್ಟ ಮಕ್ಕಳಿಗೂ ತಿಳಿಯುತ್ತದೆ ಎಂಬ ಕಾರಣ ಕೊಟ್ಟರು. ಅಸಲು ಕಾರಣ ಹೇಳಲಿಲ್ಲ. ಅಂದಿನಿಂದ ಪ್ರತಿ ಮಗುವೂ ತನ್ನ ಗುರುತನ್ನು ತಾನೇ ಆರಿಸಿಕೊಳ್ಳುತ್ತದೆ. ಕೊಡೆ, ಬಾಚಣಿಗೆ, ಬಾತುಕೋಳಿ, ಬೀಗದ ಕೈ. ಒಬ್ಬಳು ಅಜ್ಜಿಯ ಮೂಗು ಬೇಕೆಂದು ಹಟ ಹಿಡಿದಿದ್ದಳಂತೆ. ಆ ಮೂಗು ನಾಲ್ಕು ವರ್ಷ ಈ ಮನೆಯ ಹಗ್ಗದ ಮೇಲೆ ಒಣಗಿತು.

ಹೊಲಿಗೆಯೂ ಬೇರೆ. ಇದಕ್ಕೆ ಸರಪಳಿ ಹೊಲಿಗೆ ಎನ್ನುತ್ತಾರೆ, ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ. ಕೊನೆಯ ಗಂಟು ಕತ್ತರಿಸಿ ತುದಿ ಹಿಡಿದು ಎಳೆದರೆ ಇಡೀ ಚಿತ್ರ ಸರ್ರನೆ ಬಿಚ್ಚಿಕೊಳ್ಳುತ್ತದೆ. ಬಟ್ಟೆಯಲ್ಲಿ ಸೂಜಿ ಹೋದ ಜಾಗವೂ ಎರಡು ಒಗೆತದಲ್ಲಿ ಕೂಡಿಕೊಳ್ಳುತ್ತದೆ. ಮೊದಲ ವರ್ಷ ಗಂಟು ಸಡಿಲವಾಗಿ, ಒಂದೇ ದಿನ ಹನ್ನೊಂದು ಬಟ್ಟೆಗಳ ಗುರುತು ನೀರಿನಲ್ಲೇ ಬಿಚ್ಚಿಹೋಗಿತ್ತು. ಅಡುಗೆಯಕ್ಕ ಇವತ್ತಿಗೂ ಬಿಡುವುದಿಲ್ಲ. ಕಾಫಿ ಲೋಟ ಮೇಜಿನ ಮೂಲೆಯಲ್ಲಿಡುತ್ತಾ, ‘ಇವಳ ಬಾತುಕೋಳಿ, ಮೀನು ಎಲ್ಲ ನೀರು ಕಂಡಿದ್ದೇ ತಡ, ಈಜ್ಕೊಂಡು ಹೋದ್ವು’ ಎಂದು ನನಗೆ ವರದಿ ಒಪ್ಪಿಸುತ್ತಾರೆ. ಅತ್ತೆಯ ಉತ್ತರ ಸಿದ್ಧವಾಗಿದೆ: ‘ನನ್ನ ಗಂಟು ನೀರಲ್ಲಾದ್ರೂ ಬಿಚ್ತು, ನಿನ್ನ ಮುದ್ದೆ ಹಿಟ್ಟಿನ ಗಂಟು ನೋಡೇ. ಅದು ಗಂಟಲಲ್ಲೂ ಬಿಚ್ಚಲ್ಲ.’

ದಿನಕ್ಕೆ ನಲವತ್ತು ಗುಂಡಿ, ಹತ್ತು ಹನ್ನೆರಡು ಹರಿದ ಅಂಚು, ಮೂರೋ ನಾಲ್ಕೋ ಬಿಚ್ಚಿದ ಜಿಪ್ಪು. ಇಪ್ಪತ್ತು ವರ್ಷದಲ್ಲಿ ಎಷ್ಟು ಮಕ್ಕಳ ಬಟ್ಟೆಗೆ ಗುರುತು ಹಾಕಿದ್ದೀರಿ ಎಂದರೆ ಗೊತ್ತಿಲ್ಲ ಎನ್ನುತ್ತಾರೆ. ಎಡಗೈ ತೋರುಬೆರಳಿನ ತುದಿ ಚರ್ಮ ದಪ್ಪವಾಗಿ, ಬಿಸಿ ಲೋಟದ ಬಿಸಿಯೂ ತಿಳಿಯುವುದಿಲ್ಲ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು, ಅತ್ತುಕೊಂಡು ಕಳೆದ ಜಾಗಕ್ಕೇ ದಿನಾ ಹೇಗೆ ಹೋಗುತ್ತೀಯಮ್ಮಾ ಎಂದು ಆಗಾಗ ಕೇಳುತ್ತಾಳಂತೆ. ಆ ಇಪ್ಪತ್ತಾರನೇ ನಂಬರಿನ ಹುಡುಗಿ ಈಗ ನಿಮ್ಮನ್ನು ನೋಡಿದರೆ ಏನು ಹೇಳಬಹುದು ಎಂದು ನಾನೂ ಕೇಳುತ್ತೇನೆ. ಅತ್ತೆ ಸೂಜಿಯನ್ನು ಸೆರಗಿಗೆ ಚುಚ್ಚಿ ಯೋಚಿಸುತ್ತಾರೆ.

‘ಬೈತಾಳೆ. ಬಿಟ್ಟು ಹೋದವಳು ಮತ್ತೆ ಇಲ್ಲಿಗೇ ಬಂದ್ಯಾ ಅಂತ. ಬೈದು ಬೈದು ಸುಸ್ತಾದ್ಮೇಲೆ ಬಂದು ಮಡಿಲಲ್ಲಿ ಕೂತ್ಕೋತಾಳೆ.’

ಏಳೂಕಾಲು. ಓಣಿಯಲ್ಲಿ ಮಕ್ಕಳ ಗದ್ದಲ, ಬಕೆಟ್ಟುಗಳ ಸದ್ದು. ಹುಡುಗಿ ಕೂತಲ್ಲೇ ಇದ್ದಾಳೆ. ಅತ್ತೆ ಒಂದು ಚಿಂದಿ ಬಟ್ಟೆ ತೆಗೆದುಕೊಂಡು ಕೆಂಪು ದಾರದಲ್ಲಿ ಪುಟ್ಟದೊಂದು ಮೀನು ಹೊಲಿಯುತ್ತಾರೆ. ಗಂಟು ಹಾಕುವುದಿಲ್ಲ. ಎದ್ದುಹೋಗಿ ಹೊಸ್ತಿಲಿನ ಈಚೆ ನೆಲದ ಮೇಲೆ ಕೂರುತ್ತಾರೆ. ಚಿಂದಿಯನ್ನು ಹುಡುಗಿಯ ಮುಂದೆ ಹಿಡಿದು, ಈ ತುದಿಯನ್ನು ಎಳೆದುಬಿಡು ಎನ್ನುತ್ತಾರೆ. ಹುಡುಗಿ ಬಹಳ ಹೊತ್ತು ನೋಡಿ, ಎರಡು ಬೆರಳಲ್ಲಿ ಹಿಡಿದು ಎಳೆಯುತ್ತಾಳೆ. ಬಾಲ, ಹೊಟ್ಟೆ, ತಲೆ ಎಲ್ಲ ಸರ್ರನೆ ಹೋಗಿ ಕೈಯಲ್ಲಿ ಕೆಂಪು ದಾರವಷ್ಟೇ ಉಳಿಯುತ್ತದೆ.

ಇನ್ನೊಂದು ಸಲ ಎನ್ನುತ್ತಾಳೆ. ಅತ್ತೆ ಮತ್ತೆ ಹೊಲಿಯುತ್ತಾರೆ. ಐದು ಮೀನುಗಳಾಗುತ್ತವೆ, ಐದೂ ಹೋಗುತ್ತವೆ. ಪ್ರತಿ ಸಲವೂ ಚಿಂದಿಯನ್ನು ಬೆಳಕಿಗೆ ಹಿಡಿದು, ಏನಾದರೂ ಉಳಿದಿದೆಯಾ ಎಂದು ಹಿಂದೆ ಮುಂದೆ ಪರೀಕ್ಷಿಸುತ್ತಾಳೆ. ಓಣಿಯ ಕೊನೆಯಲ್ಲಿ ವಾರ್ಡನ್ ಬಂದು ನಿಂತಿದ್ದಾರೆ, ಕೈಗಡಿಯಾರ ನೋಡುತ್ತಾರೆ. ಅತ್ತೆ ತಲೆಯೆತ್ತದೆ, ಸ್ವಲ್ಪ ತಾಳಿ ಎನ್ನುವಂತೆ ಒಂದು ಅಂಗೈ ತೋರಿಸುತ್ತಾರೆ.

‘ಅಪ್ಪ ಬಂದ ದಿನ ನಾನೇ ಎಳೀಬಹುದಾ?’ ಹುಡುಗಿ ಕೇಳುತ್ತಾಳೆ.

‘ನೀನೇ ಎಳೀಬೇಕು ಪುಟ್ಟಿ. ನಾನು ಗಂಟು ಕತ್ತರಿಸಿ ಕೊಡ್ತೀನಿ, ಅಷ್ಟೇ.’

‘ಅವ್ರು ಭಾನುವಾರ ಬಂದ್ರೆ? ಅವತ್ತು ನೀವಿರಲ್ವಲ್ಲ.’

‘ಅಡುಗೆಮನೇಲಿ ಕತ್ತರಿ ಇದೆ. ಆ ಅಕ್ಕಂಗೆ ಹೇಳಿಟ್ಟಿರ್ತೀನಿ.’

ಹುಡುಗಿ ಇದನ್ನು ತೂಗಿ ನೋಡುತ್ತಾಳೆ. ಕತ್ತರಿ ದೊಡ್ಡದಾ ಚಿಕ್ಕದಾ ಎಂದು ವಿಚಾರಿಸುತ್ತಾಳೆ. ಆಮೇಲೆ, ತನಗೆ ಮೀನು ಬೇಡ, ಏಣಿ ಬೇಕು ಎನ್ನುತ್ತಾಳೆ. ಅವಳ ಅಪ್ಪ ಎತ್ತರದ ಗೋಡೆಗಳಿಗೆ ಬಣ್ಣ ಬಳಿಯುವವರು. ಈಗ ಇರುವ ಕೆಲಸ ದೂರದ್ದು, ಮಲಗುವುದೂ ಆ ಅರ್ಧ ಕಟ್ಟಿದ ಕಟ್ಟಡದಲ್ಲೇ. ಏಣಿಗೆ ಎಷ್ಟು ಮೆಟ್ಟಿಲು ಎಂದು ಅತ್ತೆ ಕೇಳಿದರೆ, ತುಂಬ ಎನ್ನುತ್ತಾಳೆ. ಅಷ್ಟು ಹಿಡಿಸುವುದಿಲ್ಲ ಎಂದು ಚೌಕಾಸಿ ನಡೆದು ಆರಕ್ಕೆ ಇಳಿಯುತ್ತದೆ.

ಜಿಪ್ಪು ತೆರೆಯುವಾಗ ಮಾತ್ರ ಎಲ್ಲರೂ ಆ ಕಡೆ ತಿರುಗಬೇಕೆಂಬುದು ಅವಳ ಷರತ್ತು. ಅತ್ತೆ ತಿರುಗುತ್ತಾರೆ, ನಾನೂ ತಿರುಗುತ್ತೇನೆ, ಓಣಿಯಲ್ಲಿದ್ದ ವಾರ್ಡನ್ ಕೂಡ ಗೋಡೆಯತ್ತ ಮುಖ ಮಾಡುತ್ತಾರೆ. ಮತ್ತೆ ನೋಡುವಾಗ ಹುಡುಗಿ ಮಡಿಕೆ ಬಿಡದ ಹಸಿರು ಲಂಗ, ಬಿಳಿ ಅಂಗಿ ತೊಟ್ಟು ನಿಂತಿದ್ದಾಳೆ. ಕೊಳೆಯಾದ ಹಳದಿ ಫ್ರಾಕನ್ನು ಎರಡೂ ಕೈಯಲ್ಲಿ ಚಾಚುತ್ತಾಳೆ. ಚೀಲಕ್ಕೆ ಆಗಲೇ ಜಿಪ್ಪು ಬಿದ್ದಿದೆ. ಉಳಿದವು ಇವತ್ತು ಸಿಗುವುದಿಲ್ಲ. ವಾರ್ಡನ್ ಒಂದು ಕ್ಷಣ ಚೀಲವನ್ನೇ ನೋಡಿ ಊಟದ ಕೋಣೆಯತ್ತ ಹೋಗುತ್ತಾರೆ.

ಅತ್ತೆ ಮೇಜಿಗೆ ಮರಳಿ, ಫ್ರಾಕನ್ನು ಮೂಗಿನಿಂದ ದೂರ ಹಿಡಿಯದೆ ತೊಡೆಯ ಮೇಲೆ ಹರಡಿಕೊಳ್ಳುತ್ತಾರೆ. ಬಿಳಿ ದಾರದಲ್ಲಿ ಆರು ಮೆಟ್ಟಿಲಿನ ಏಣಿ ಮೇಲೇರುತ್ತದೆ. ಹುಡುಗಿ ಹೊಸ್ತಿಲು ದಾಟಿ ಬಂದು ಮೇಜಿಗೆ ಗದ್ದ ಊರಿ ಪ್ರತಿ ಕುಣಿಕೆಯನ್ನೂ ಎಣಿಸುತ್ತಿದ್ದಾಳೆ. ಕೊನೆಯ ಗಂಟನ್ನು ಅತ್ತೆ ಅವಳಿಗೆ ತೋರಿಸಿ ಹಾಕುತ್ತಾರೆ, ಎಲ್ಲಿ ಕತ್ತರಿಸಬೇಕು ಎಂದು ಅವಳ ಬೆರಳನ್ನೇ ಹಿಡಿದು ಮುಟ್ಟಿಸುತ್ತಾರೆ. ಅವಳು ತಿಂಡಿಗೆ ಓಡಿದ ಮೇಲೆ ಫ್ರಾಕನ್ನು ಒಗೆಯುವ ಬುಟ್ಟಿಗೆ ಹಾಕಿ, ಮುಂದಿನ ಅಂಗಿಗೆ ಕೈ ಚಾಚುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದ್ದಕ್ಕೆ, ಆ ಖಾಲಿ ಬಾಗಿಲ ಕಡೆ ನೋಡುತ್ತಾ ಹೇಳುತ್ತಾರೆ:

‘ತಾನು ಹಾಕಿದ ಹೊಲಿಗೆ ಬೇಗ ಬಿಚ್ಚಿಹೋಗ್ಲಿ ಅಂತ ಬೇಡ್ಕೊಳ್ಳೋ ಹೊಲಿಗೆಯವಳು ನಾನೊಬ್ಬಳೇ ಇರ್ಬೇಕು. ಆ ಏಣಿ ಮುಂದಿನ ಭಾನುವಾರಾನೇ ಹೋಗ್ಲಿ.’